ಐದು ಪುಟ, ನಲವತ್ತಾರು ಸಾವಿರ ಉಲ್ಲೇಖ

ಪ್ರತಿ ವರ್ಷ ಒಂದು ಸುದ್ದಿ ಬಂದೇ ಬರುತ್ತೆ. ಜಗತ್ತಿನ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರು! ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ತಂಡ ತಯಾರಿಸುವ ಪಟ್ಟಿ ಅದು. ಕಾಲೇಜಿನ ಗೇಟಿಗೆ ಫ್ಲೆಕ್ಸ್ ಬೀಳುತ್ತೆ, ಹಾರ ಶಾಲು ಆಗುತ್ತೆ. ಆಗಲಿ, ಸಂತೋಷ. ಆದರೆ ಆ ಪಟ್ಟಿ ಅಳೆಯೋದು ಏನನ್ನ?

ಸೈಟೇಶನ್. ಕನ್ನಡದಲ್ಲಿ ಉಲ್ಲೇಖ ಅನ್ನೋಣ. ನೀವು ಬರೆದ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸಿದರೆ ನಿಮ್ಮ ಖಾತೆಗೆ ಒಂದು ಜಮೆ. ಈ ಲೆಕ್ಕ ಏನು ಹೇಳುತ್ತೆ, ಏನು ಹೇಳಲ್ಲ ಅಂತ ತಿಳಿಯೋಕೆ ಒಬ್ಬ ವಿಜ್ಞಾನಿಯನ್ನು ನೋಡಿದರೆ ಸಾಕು.

ಅವರ ಹೆಸರು ರಾಬರ್ಟ್ ಪಾರ್. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿದ್ದ ಸೈದ್ಧಾಂತಿಕ ರಸಾಯನ ವಿಜ್ಞಾನಿ. ಅಂದರೆ ಪ್ರನಾಳ, ಬರ್ನರ್ ಮುಟ್ಟದೆ ಗಣಿತದಿಂದಲೇ ರಸಾಯನಶಾಸ್ತ್ರ ಮಾಡಿದವರು. 1988ರಲ್ಲಿ ಚೆಂಗ್‌ಟೆ ಲೀ, ವೈಟಾವೊ ಯಾಂಗ್ ಜತೆ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಬರೀ ಐದು ಪುಟ. 2014ರಲ್ಲಿ 'ನೇಚರ್' ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಕೊಟ್ಟಾಗ ಈ ಐದು ಪುಟಕ್ಕೆ ಏಳನೇ ಸ್ಥಾನ. ಉಲ್ಲೇಖಗಳು 46,702!

ಏನಿತ್ತು ಅದರಲ್ಲಿ? ಒಂದು ಸೂತ್ರ. ನಾನು ಎಂಜಿನಿಯರಿಂಗ್ ಓದಿದವನು, ನನ್ನ ಭಾಷೆಯಲ್ಲಿ ಹೇಳ್ತೀನಿ. ಒಂದು ಅಣುವಿನಲ್ಲಿರುವ ಎಲೆಕ್ಟ್ರಾನ್‌ಗಳೆಲ್ಲ ಒಂದನ್ನೊಂದು ತಳ್ಳುತ್ತಿರುತ್ತವೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಒಬ್ಬೊಬ್ಬ ಪ್ರಯಾಣಿಕನ ಹಿಂದೆ ಓಡಿದರೆ ಲೆಕ್ಕ ಸಿಗುತ್ತಾ? ಎಲ್ಲೆಲ್ಲಿ ಎಷ್ಟು ದಟ್ಟಣೆ ಇದೆ ಅಂತ ನೋಡಿದರೆ ಸಾಕು. ಎಲೆಕ್ಟ್ರಾನ್‌ಗಳಿಗೂ ಹಾಗೆ ಮಾಡಬಹುದು ಅಂತ ವಾಲ್ಟರ್ ಕೋನ್ 1964ರಲ್ಲಿ ಹೋಹೆನ್‌ಬರ್ಗ್ ಜತೆ, 1965ರಲ್ಲಿ ಶಾಮ್ ಜತೆ ತೋರಿಸಿಕೊಟ್ಟರು. ಆದರೆ ಲೆಕ್ಕದ ಒಂದು ಭಾಗಕ್ಕೆ ನಿಖರ ಸೂತ್ರವೇ ಇರಲಿಲ್ಲ. ಆ ಜಾಗದ ಒಂದು ಪಾಲನ್ನು ತುಂಬಲು ಹತ್ತಿರದ ಸೂತ್ರ ಕೊಟ್ಟದ್ದು ಪಾರ್ ತಂಡ. ಅದೂ ಕೋಲೆ, ಸಾಲ್ವೆಟ್ಟಿ ಎಂಬ ಇಬ್ಬರ 1975ರ ಕೆಲಸದ ಮೇಲೆ ಕಟ್ಟಿದ್ದು. ಇನ್ನೊಂದು ಪಾಲಿಗೆ ಕೆನಡಾದ ಆ್ಯಕ್ಸೆಲ್ ಬೆಕೆ ಸೂತ್ರ ಕೊಟ್ಟರು. ಎಂಟನೇ ಸ್ಥಾನ ಅವರದ್ದೇ ಪ್ರಬಂಧಕ್ಕೆ.

1990ರ ದಶಕದಲ್ಲಿ ಈ ಸೂತ್ರಗಳು ಸಾಫ್ಟ್‌ವೇರ್ ಒಳಗೆ ಹೋದವು. ಔಷಧ, ಬ್ಯಾಟರಿ, ವೇಗವರ್ಧಕ, ಏನನ್ನೇ ಅಧ್ಯಯನ ಮಾಡುವವರೂ ಕಂಪ್ಯೂಟರಿನಲ್ಲಿ ಒಂದು ಆಯ್ಕೆ ಮಾಡಿ ಲೆಕ್ಕ ಹಾಕಿದರು, ಪ್ರಬಂಧದ ಕೊನೆಯಲ್ಲಿ ಪಾರ್, ಬೆಕೆ ಹೆಸರು ಬರೆದರು. ಜಮೆ ಏರುತ್ತಾ ಹೋಯ್ತು.

ಈಗ ಗಮನಿಸಿ. ಬುನಾದಿ ಹಾಕಿದ ಕೋನ್ ಅವರ ಎರಡು ಪ್ರಬಂಧ ಅದೇ ಪಟ್ಟಿಯಲ್ಲಿ 34 ಮತ್ತು 39ನೇ ಸ್ಥಾನದಲ್ಲಿವೆ. 1998ರ ರಸಾಯನಶಾಸ್ತ್ರ ನೊಬೆಲ್ ಜಾನ್ ಪೋಪಲ್ ಜತೆ ಬಂದದ್ದು ಕೋನ್ ಅವರಿಗೆ. ಏಳು, ಎಂಟನೇ ಸ್ಥಾನದವರಿಗೆ ಬರಲಿಲ್ಲ. ಮೊದಲ ಸ್ಥಾನ ಯಾವುದಕ್ಕೆ ಗೊತ್ತಾ? ಪ್ರೋಟೀನ್ ಅಳೆಯುವ 1951ರ ಒಂದು ವಿಧಾನಕ್ಕೆ. ಉಲ್ಲೇಖ ಮೂರು ಲಕ್ಷಕ್ಕೂ ಹೆಚ್ಚು. ಅಂದರೆ ಈ ಸಂಖ್ಯೆ ಎಷ್ಟು ಜನ ಬಳಸಿದರು ಅಂತ ಹೇಳುತ್ತೆ. ವಿಚಾರ ಎಷ್ಟು ಆಳ ಅಂತ ಹೇಳಲ್ಲ.

ಪಾರ್ ಸಾಧನೆಯೂ ಆ ಐದು ಪುಟಕ್ಕೆ ಮುಗಿಯಲ್ಲ. ಪಿಯುಸಿಯಲ್ಲಿ ಎಲೆಕ್ಟ್ರೋನೆಗೆಟಿವಿಟಿ ಓದಿದ್ದೀರಲ್ಲ? ಅದಕ್ಕೆ ಇದೇ ದಟ್ಟಣೆಯ ಸಿದ್ಧಾಂತದಿಂದ ಗಣಿತದ ಅರ್ಥ ಕೊಟ್ಟವರು 1978ರಲ್ಲಿ ಪಾರ್ ಮತ್ತು ಸಂಗಡಿಗರು. ಅದು ಆ ಏಳನೇ ಸ್ಥಾನದಲ್ಲಿ ಕಾಣಲ್ಲ.

ಇದು ನಮಗೆ ಯಾಕೆ ಬೇಕು? ಯಾಕೆಂದರೆ ಇದೇ ಅಳತೆಗೋಲು ನಮ್ಮ ಮಕ್ಕಳ ಹೊಟ್ಟೆಪಾಡನ್ನೂ ನಿರ್ಧರಿಸುತ್ತೆ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ತಂದರು. ನಿಮ್ಮ ಹತ್ತು ಪ್ರಬಂಧಕ್ಕೆ ತಲಾ ಹತ್ತಾದರೂ ಉಲ್ಲೇಖ ಇದ್ದರೆ ಅದು 10. ಇವತ್ತು ಪಿಎಚ್.ಡಿ. ಮುಗಿಸಿ ಕೆಲಸ ಕೇಳಲು ಹೋದ ಹುಡುಗಿಗೆ ಮೊದಲ ಪ್ರಶ್ನೆ, 'ಪೇಪರ್ ಎಷ್ಟಮ್ಮ? ಎಚ್-ಇಂಡೆಕ್ಸ್ ಎಷ್ಟು?' ಸಂಖ್ಯೆಗೇ ಬೆಲೆ ಅಂದಮೇಲೆ ಸಂಖ್ಯೆ ಮಾರುವ ಅಂಗಡಿಗಳೂ ಹುಟ್ಟುತ್ತವೆ. ಗುಣಮಟ್ಟ ಇಲ್ಲ ಅಂತ ಯುಜಿಸಿಯೇ 2018ರಲ್ಲಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು!

ಕೋನ್ ಅವರ ಸಿದ್ಧಾಂತವನ್ನು ರಸಾಯನ ವಿಜ್ಞಾನಿಗಳು ವ್ಯಾಪಕವಾಗಿ ಕೈಗೆತ್ತಿಕೊಳ್ಳಲು ಕಾಲು ಶತಮಾನ ಹಿಡೀತು. ಅಂಥ ವಿಚಾರ ತಲೆಯಲ್ಲಿಟ್ಟುಕೊಂಡು ಇವತ್ತು ನಮ್ಮ ಯಾವುದಾದರೂ ಸಂದರ್ಶನಕ್ಕೆ ಒಬ್ಬರು ಬಂದರೆ ಅವರನ್ನು ಗುರುತಿಸೋರು ಯಾರು? ಉಲ್ಲೇಖ ಎಣಿಸಿ, ಬೇಡ ಅನ್ನಲ್ಲ. ಆದರೆ ಆಯ್ಕೆ ಸಮಿತಿಯಲ್ಲಿ ಕೂರುವ ದೊಡ್ಡವರೇ, ಎಣಿಸುವ ಮೊದಲು ಆ ಹುಡುಗಿ ಬರೆದ ಐದು ಪುಟವನ್ನು ಒಮ್ಮೆ ಓದಿ.