ಊಟ ಬಿಟ್ಟವರ ಆರೈಕೆ

ಆಯುಸ್ಸಿನ ಕೊನೆಯ ವಾರಗಳಲ್ಲಿರುವ ರೋಗಿ ಊಟ ಬಿಟ್ಟರೆ ಮನೆಯವರು ಕೇಳುವುದು ಒಂದೇ: ‘ಗ್ಲೂಕೋಸ್ ಆದರೂ ಹಾಕಿ ಡಾಕ್ಟ್ರೇ, ಸ್ವಲ್ಪ ಶಕ್ತಿ ಬರುತ್ತೆ.’ ಆ ಶಕ್ತಿ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಶೇ. 5ರ ಡೆಕ್ಸ್‌ಟ್ರೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ; ಅಂದರೆ ಸುಮಾರು 85 ಕ್ಯಾಲೊರಿ, ಎರಡು ಸಣ್ಣ ಇಡ್ಲಿಯಿಂದ ಬರುವಷ್ಟು. ಉಳಿದದ್ದು ನೀರು. ಇಷ್ಟಕ್ಕಾಗಿ ಬತ್ತಿದ ಕೈಯಲ್ಲಿ ನರ ಹುಡುಕಿ ಮೂರು ನಾಲ್ಕು ಕಡೆ ಚುಚ್ಚುತ್ತೇವೆ. ಸಾವು ಹತ್ತಿರವಾದಾಗ ಆಹಾರದ ಗುರಿ ಪೋಷಣೆಯಿಂದ ನೆಮ್ಮದಿಯ ಕಡೆಗೆ ತಿರುಗಬೇಕು, ಹಾಗೆ ತಿರುಗಿದೆಯೆಂದು ವೈದ್ಯರು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ವಾದ.

ಊಟ ಬಿಟ್ಟದ್ದರಿಂದಲೇ ದೇಹ ಇಳಿಯುತ್ತಿದೆ ಎಂದು ನಂಬಿರುತ್ತೇವೆ. ಮುಂದುವರಿದ ಕ್ಯಾನ್ಸರಿನಲ್ಲಿ ನಡೆಯುವುದು ಬಹುಮಟ್ಟಿಗೆ ತಿರುಗುಮುರುಗು. ಉರಿಯೂತದ ರಾಸಾಯನಿಕಗಳು ಹಸಿವನ್ನೂ ಅಡಗಿಸುತ್ತವೆ, ಸ್ನಾಯುವನ್ನೂ ಕರಗಿಸುತ್ತವೆ. ಕ್ಯಾಕೆಕ್ಸಿಯಾ ಎಂಬ ಈ ಸ್ಥಿತಿ ಬರೀ ಪೌಷ್ಟಿಕ ಆಹಾರದಿಂದ ಪೂರ್ತಿ ಸರಿಹೋಗದು ಎಂಬುದನ್ನು 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಅದರ ವ್ಯಾಖ್ಯೆಯಲ್ಲೇ ಸೇರಿಸಿದರು. ಹಾಗಿದ್ದರೆ ರೋಗಿ ಹಸಿವಿನಿಂದ ಒಳಗೊಳಗೇ ಸಂಕಟಪಡುತ್ತಿರುವುದಿಲ್ಲವೇ? 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮೆಕ್ಯಾನ್ ಮತ್ತು ಸಂಗಡಿಗರು ಎಚ್ಚರವಿದ್ದ 32 ರೋಗಿಗಳನ್ನೇ ಇದನ್ನು ಕೇಳಿದ್ದಾರೆ. 20 ಮಂದಿಗೆ ಹಸಿವೇ ಆಗಲಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಮೊದಮೊದಲಷ್ಟೇ. ಬಾಯಿ ಒಣಗುವ ಬಾಧೆ ಒಂದೆರಡು ಗುಟುಕು ನೀರು, ಐಸ್ ಚೂರು, ತುಟಿಯ ಲೇಪದಿಂದ ತಗ್ಗಿತು. 32 ಸಣ್ಣ ಸಂಖ್ಯೆಯೇ ಸರಿ. ಆದರೆ 2013ರಲ್ಲಿ ಬ್ರುಯೆರಾ ತಂಡ 129 ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೊಂದು ಲೀಟರ್ ಸಲೈನ್, ಉಳಿದವರಿಗೆ ಹೆಸರಿಗಷ್ಟೇ 100 ಮಿ.ಲೀ. ಕೊಟ್ಟು ಹೋಲಿಸಿದಾಗಲೂ ಬಾಧೆಯಲ್ಲಾಗಲಿ ಬದುಕಿದ ದಿನಗಳಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

‘ಅನ್ನ ನೀರು ನಿಲ್ಲಿಸಿದರೆ ಕೊಂದಂತಲ್ಲವೇ?’ ಎನ್ನುತ್ತಾರೆ. ಯಾರೂ ನಿಲ್ಲಿಸಿ ಎನ್ನುತ್ತಿಲ್ಲ. ಕೇಳಿದಾಗ, ಕೇಳಿದ್ದನ್ನು, ಸೇರಿದಷ್ಟು ಕೊಡಿ. ಸಕ್ಕರೆ ಕಾಯಿಲೆಯ ಪಥ್ಯವನ್ನೂ ಈಗ ಸಡಿಲಿಸಬಹುದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಉಣ್ಣುತ್ತಿಲ್ಲ ಎಂಬುದೇ ಕೈಚೆಲ್ಲಲು ನೆಪವಾಗದೇ, ಅದರಲ್ಲೂ ಬಡವರ ಪಾಲಿಗೆ? ಆಗಬಹುದು. ಅದಕ್ಕೇ ಮೊದಲು ಬಾಯಿ ತೆರೆಸಿ ನೋಡಬೇಕು. ನಾಲಿಗೆಯ ಮೇಲೆ ಒಡೆದ ಹಾಲಿನಂತೆ ಬಿಳಿ ಫಂಗಸ್ ಕೂತಿದ್ದರೆ ಯಾರಿಗೆ ತಾನೇ ತುತ್ತು ಇಳಿದೀತು? ವಾರದ ಮಲಬದ್ಧತೆ, ವಾಕರಿಕೆ, ಸಡಿಲವಾದ ಹಲ್ಲುಸೆಟ್ಟು, ಖಿನ್ನತೆ ಇವಕ್ಕೆಲ್ಲ ಪರಿಹಾರವಿದೆ. ಅವನ್ನು ನೋಡದೆ ‘ಇನ್ನೇನಿಲ್ಲ’ ಎನ್ನುವ ವೈದ್ಯರು ನನ್ನ ವಾದವನ್ನು ಬಳಸಿಕೊಳ್ಳಬಾರದು. ಗಂಟಲ ಕ್ಯಾನ್ಸರಿನಲ್ಲಿ ಹಸಿವಿದ್ದೂ ದಾರಿ ಮುಚ್ಚಿದವರಿಗೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ನಿಜಕ್ಕೂ ಬೇಕು. ಮರೆವಿನ ಕಾಯಿಲೆಯ ಕೊನೆಯ ಹಂತದ ಮಾತು ಬೇರೆ. ಅಲ್ಲಿ ಟ್ಯೂಬಿನಿಂದ ಆಯುಸ್ಸು ಹೆಚ್ಚುತ್ತದೆ, ಶ್ವಾಸಕೋಶಕ್ಕೆ ಆಹಾರ ನುಗ್ಗುವುದು ತಪ್ಪುತ್ತದೆ ಎಂಬುದಕ್ಕೆ 1999ರ ಒಂದು ವಿಮರ್ಶೆ ಪುರಾವೆ ಕಾಣಲಿಲ್ಲ. ಕಿತ್ತುಕೊಳ್ಳದಿರಲೆಂದು ಕೈ ಕಟ್ಟುವುದೊಂದು ಬೇರೆ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ಮಾನ್ಯತೆ ಕೊಟ್ಟಿದೆ, ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿದೆ. ಆದರೂ ಹಾಸಿಗೆಯ ಪಕ್ಕದ ದುಡಿಮೆ ಕಾಗದದಿಂದ ಮುಗಿಯುವುದಿಲ್ಲ. ಕೊನೆಗಳಿಗೆಯಲ್ಲಿ ಬಾಯಿಗೆ ತುಳಸಿ ನೀರು ಬಿಡುವ ಪದ್ಧತಿ ನಮ್ಮಲ್ಲಿದೆ. ಪ್ರಜ್ಞೆಯಿಲ್ಲದವರಿಗೆ ಹಾಗೆ ಸುರಿದರೆ ಶ್ವಾಸನಾಳಕ್ಕೆ ಇಳಿದೀತು. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಎರಡು ಗಂಟೆಗೊಮ್ಮೆ ನಾಲಿಗೆ, ಒಸಡು, ಕೆನ್ನೆಯ ಒಳಭಾಗ ಒರೆಸಿ ತುಟಿಗೆ ವ್ಯಾಸಲಿನ್ ಹಚ್ಚಬೇಕು. ಬಾಟಲಿಗೆ ಆಸ್ಪತ್ರೆಯ ಬಿಲ್ಲಿನಲ್ಲಿ ಜಾಗವಿದೆ, ಈ ಕೆಲಸಕ್ಕಿಲ್ಲ. ರೋಗಿಯನ್ನು ಮನೆಗೆ ಕಳಿಸುವ ದಿನ ಮಾತ್ರೆಯ ಚೀಟಿಯ ಜೊತೆಗೆ ಇದನ್ನೂ ನರ್ಸು ಒಮ್ಮೆ ಮಾಡಿ ತೋರಿಸಿ, ಮನೆಯವರ ಕೈಯಲ್ಲೂ ಒಮ್ಮೆ ಮಾಡಿಸಿಯೇ ಡಿಸ್ಚಾರ್ಜ್ ಮಾಡಬೇಕು.