ಬಾಲಶಿಕ್ಷಣದಲ್ಲಿ ಕರಸ್ಥಲ
(ಚಂದ್ರಬಂಡದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಲಿಂಗದೀಕ್ಷೆಯಲ್ಲಿ ಗುರುವು ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕೊಡುವನೆಂಬುದು ಸರ್ವವಿದಿತವಾದ ಸಂಗತಿ. ಕಿವಿಯಲ್ಲಿ ಮಂತ್ರವನ್ನುಸುರಿ ಅಷ್ಟಕ್ಕೇ ಬಿಡದೆ, ಕುರುಹನ್ನು ಅಂಗೈಯಲ್ಲಿರಿಸಿ, ಕಣ್ಣಿಟ್ಟು ನೋಡಿಸಿ, ಆ ಕುರುಹಿನ ಮುಖದಿಂದ ಅರುಹಿಗೆ ಕರೆದೊಯ್ಯುವದು ಶರಣರು ತೋರಿದ ಕ್ರಮ. ಆರು ವರುಷದ ಕೂಸು ಒಂದನೆಯ ತರಗತಿಗೆ ಕಾಲಿಟ್ಟಾಗಲೂ ಇದೇ ಕ್ರಮವು ಸಲ್ಲುವದೆಂಬುದು ಇಂದಿನ ವಿಚಾರ.

ಹಿಂದಕ್ಕೆ ಈ ಸೀಮೆಯಲ್ಲಿ ಐಗಳ ಮಠಗಳಿದ್ದವು. ಐಗಳು ಉಸುಕು ಹರವಿ, ಮಗುವಿನ ಬೆರಳನ್ನು ಹಿಡಿದು ಓನಾಮವನ್ನು ತಿದ್ದಿಸುತ್ತಿದ್ದರು. ಉಸುಕು ಬೆರಳಿಗೆ ತಾಗಿದಂತೆಲ್ಲ ಅಕ್ಷರದ ಬಳುಕು ಮೈಗೆ ಹತ್ತುತ್ತಿದ್ದಿತು. 1948ರ ವರೆಗೆ ರಾಯಚೂರು ನಿಜಾಮರ ಸಂಸ್ಥಾನದೊಳಗಿದ್ದು, ಸರಕಾರಿ ವಿದ್ಯೆಯಲ್ಲಿ ಉರ್ದುವಿಗೇ ಅಗ್ರಸ್ಥಾನವಿದ್ದಾಗ, ಎಷ್ಟೋ ಮನೆಗಳಿಗೆ ಕನ್ನಡದ ಅಕ್ಷರವು ದಕ್ಕಿದುದು ಈ ಉಸುಕಿನಿಂದ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮಾರಿಯಾ ಮಾಂಟೆಸರಿ ಎಂಬ ವಿದುಷಿಯು ಒರಟು ಕಾಗದದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿದುದನ್ನು ಕೇಳಿ ಬೆರಗಾಗುವವರು ಐಗಳ ಉಸುಕನ್ನು ಮರೆಯಬಾರದು. ಆದರೆ ಐಗಳ ಮಠದಲ್ಲಿ ಎಲ್ಲವೂ ಸೊಗಸಾಗಿದ್ದಿತೆನ್ನುವದು ಸತ್ಯಕ್ಕೆ ದೂರ. ಉಸುಕು ಮುಗಿದೊಡನೆ ಬಾಯಿಪಾಠ. ಬಾಯಿಪಾಠ ತಪ್ಪಿದರೆ ಬೆತ್ತ. ಹೆಣ್ಣುಮಕ್ಕಳಿಗೂ ಕೂಲಿಯವರ ಮಕ್ಕಳಿಗೂ ಅಲ್ಲಿಯ ಬಾಗಿಲು ತೆರೆದುದು ಅಪರೂಪ.

ಈಗಿನ ಸರಕಾರಿ ಶಾಲೆಗಳ ನಲಿ-ಕಲಿ ಎಂಬ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಯಿತು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಕಣ್ಣಾರೆ ಕಂಡುಬಂದ ಶಿಕ್ಷಕರು ಇದನ್ನು ರೂಪಿಸಿದರು. 2009-10ರಲ್ಲಿ ಇದು ರಾಜ್ಯಕ್ಕೆಲ್ಲ ಹಬ್ಬಿತು. ಇದರಲ್ಲಿ ಮಕ್ಕಳು ಸಾಲುಹಿಡಿದು ಕೂಡ್ರದೆ ಗುಂಪುಗೂಡಿ ಕೂಡ್ರುವರು. ಒಂದು ಗುಂಪು ಗುರುವಿನ ನೆರವಿನಿಂದ, ಒಂದು ಒಡನಾಡಿಗಳ ನೆರವಿನಿಂದ, ಇನ್ನೊಂದು ತಾನೇ ತಾನಾಗಿ ಕಲಿಯುವದು. ಗೋಡೆಯ ಮೇಲೊಂದು ಏಣಿಯ ಚಿತ್ರ. ಮಗುವು ತಾನಿರುವ ಮೆಟ್ಟಿಲನ್ನು ನೋಡಿ, ಅದರ ಗುರುತಿನ ಕಾರ್ಡನ್ನು ತಾನೇ ಆಯ್ದು ತರುವದು. ತಲೆಯ ಮೇಲೆ ಎಳೆಗಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗುವವು.

ಅಕ್ಷರಗಳೂ ಇಲ್ಲಿ ಅ, ಆ ಎಂದು ಬರದೆ ರ, ಗ, ಸ, ದ, ಅ ಎಂದು ಬರುವವು. ಇದು ವರ್ಣಮಾಲೆಗೆ ಅಪಚಾರವೆಂದು ಕೆಲವು ಪಂಡಿತರು ಮುನಿಯುವದುಂಟು. ಪರಮೇಶ್ವರನ ಡಮರುವಿನಿಂದ ಹೊರಟವೆಂದು ಹೇಳುವ 14 ಮಾಹೇಶ್ವರ ಸೂತ್ರಗಳಲ್ಲಿಯೂ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿಲ್ಲ. ವ್ಯಾಕರಣದ ಕಾರ್ಯಕ್ಕೆ ಒದಗುವಂತೆ ಅಲ್ಲಿ ಬೇರೊಂದು ಕ್ರಮವಿರುವದು. ಇಲ್ಲಿಯೂ ಅದೇ ನ್ಯಾಯ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಮಾತುಗಳು ಕೂಡಿಬರುವವು. ಐವತ್ತು ಅಕ್ಷರ ಮುಗಿಯುವ ವರೆಗೆ ಕಾಯದೆ ಮಗುವು ಮೊದಲಲ್ಲಿಯೇ ಓದುವ ಸುಖವನ್ನುಣ್ಣುವದು.

ಲೆಕ್ಕದ ವಿಷಯವಂತೂ ಒಕ್ಕಲಿಗರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ‘ಇಪ್ಪತ್ತಮೂರು ಬರೆ’ ಎಂದರೆ ಎಷ್ಟೋ ಮಕ್ಕಳು 203 ಎಂದು ಬರೆಯುವರು; ಕಿವಿಗೆ ಕೇಳಿದಂತೆ ಇಪ್ಪತ್ತನ್ನು ಬರೆದು, ಬದಿಗೆ ಮೂರನ್ನಿಡುವರು. ಬೈದರೆ ಇದು ತಿದ್ದದು. ಜೋಳದ ದಂಟಿನ ತುಂಡುಗಳನ್ನು ಕೊಟ್ಟು, ಹತ್ತಕ್ಕೊಂದು ಸಿವುಡು ಕಟ್ಟಿಸಿ, ಎರಡು ಸಿವುಡು, ಮೂರು ಬಿಡಿ ದಂಟು ಎಂದು ಎಣಿಸಿದರೆ, 23 ಎಂಬುದರಲ್ಲಿಯ ಎರಡು ಯಾವುದೆಂಬುದು ಕೈಗೇ ತಿಳಿಯುವದು. ತೆಲುಗು ಗಡಿಯ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನಾಡುವ ಮಕ್ಕಳೂ ಉಂಟು. ಅಂಥ ಮಗುವಿನ ಅಂಗೈಯಲ್ಲಿ ಹುಣಸೆಯ ಬೀಜವನ್ನಿಟ್ಟರೆ, ಅದು ‘ಗಿಂಜ’ ಎನ್ನಲಿ, ‘ಬೀಜ’ ಎನ್ನಲಿ, ಎಣಿಕೆ ತಪ್ಪದು. ಕನ್ನಡದ ಮಾತು ಆಮೇಲೆ ತಾನಾಗಿ ಬಂದು ಕೂಡುವದು.

‘ಮಾಸ್ತರರು ಬರಿಯ ಆಟವಾಡಿಸಿ ಕಳುಹುವರು’ ಎಂದು ದೂರುವ ತಂದೆತಾಯಿಗಳಿರುವರು. ಒಬ್ಬನೇ ಶಿಕ್ಷಕನು ಹಲವು ತರಗತಿಗಳನ್ನು ನೋಡಬೇಕಾದಲ್ಲಿ ಕಾರ್ಡುಗಳು ಕಪಾಟಿನೊಳಗೆಯೇ ಉಳಿಯುವವು. ಅಂಥಲ್ಲಿ ಈ ದೂರು ನಿಜವೇ. ಆದರೆ ಅದಕ್ಕಿಂತ ದೊಡ್ಡ ಕೇಡು ಶಾಲೆಯ ಹೊರಗಿರುವದು. ಕಾರ್ತಿಕದಿಂದ ಸಂಕ್ರಾಂತಿಯ ವರೆಗೆ ಹತ್ತಿ ಬಿಡಿಸುವ ಕಾಲ. ತಾಯಿಯೊಡನೆ ಕೂಸೂ ಹೊಲಕ್ಕೆ ನಡೆಯುವದು. ಮರಳಿ ಬಂದಾಗ ಏಣಿಯು ಅದನ್ನು ಬಿಟ್ಟ ಮೆಟ್ಟಿಲಿನಲ್ಲಿಯೇ ಕೂಡ್ರಿಸಿಕೊಳ್ಳುವದು, ಇದು ಈ ಪದ್ಧತಿಯ ದೊಡ್ಡ ಗುಣ. ಆದರೆ ಒಡನಾಡಿಗಳು ಮುಂದಿನ ಗುಂಪಿಗೆ ಹೋಗಿರುವರು. ಎರಡು ವರುಷ ಹೀಗಾದರೆ ತನಗಿಂತ ಚಿಕ್ಕವರ ನಡುವೆ ಕೂಡ್ರಲು ನಾಚಿ, ಮಗುವು ಶಾಲೆಯ ದಾರಿಯನ್ನೇ ಬಿಡುವದು. ಹೆಣ್ಣುಮಗುವಾದರೆ ಕರೆತರುವವರೂ ಇರರು. ಇದಕ್ಕೆ ಕಾಯಕದ ಹೆಸರನ್ನು ಅಡ್ಡ ಹಿಡಿಯುವದು ತರವಲ್ಲ. ಕಾಯಕವು ಬಲ್ಲವರು ತಾವಾಗಿ ಕೈಕೊಂಡ ಸತ್ಯಶುದ್ಧ ದುಡಿಮೆ. ಆರು ವರುಷದ ಕೂಸಿಗೆ ಅಕ್ಷರ ತಿದ್ದುವದೇ ಕಾಯಕ.

ಆದುದರಿಂದ ಸದ್ಭಕ್ತರಲ್ಲಿ ಬಿನ್ನಹವಿಷ್ಟೇ: ಸುಗ್ಗಿಯಲ್ಲಿ ಒಂದು ಹೊರೆ ದಂಟನ್ನೂ ಒಂದು ಸೇರು ಹುಣಸೆಬೀಜವನ್ನೂ ಊರ ಶಾಲೆಗೆ ಮುಟ್ಟಿಸಿರಿ. ಹತ್ತಿಯ ದಿನಗಳಲ್ಲಿ ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೊರಡುವ ಮನೆಯವರು ಕೂಸನ್ನು ನೆರೆಮನೆಯಲ್ಲಿಯಾಗಲಿ ಶ್ರೀಮಠದಲ್ಲಿಯಾಗಲಿ ಬಿಟ್ಟುಹೋಗಲಿ. ಮಠದಲ್ಲಿ ದಾಸೋಹದ ರೊಟ್ಟಿಯಿರುವದು, ಶಾಲೆಯ ಗಂಟೆಯಾದೊಡನೆ ಕೈಹಿಡಿದು ಕರೆದೊಯ್ಯಲು ಮಠದ ಸಾಧಕರಿರುವರು.