‘ಶೇಮ್ಡಿ’: ಒಂದು ಬೀದಿಮಾತಿನ ವಿಚಾರ



ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳ ಬಾಯಲ್ಲಿ ‘ಶೇಮ್ಡಿ’ ಎಂಬ ಮಾತು ಕೇಳಿ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಗದರಿಸುವ ಮೊದಲು ಅದರ ಮೂಲವನ್ನು ನೋಡೋಣ.

ಮರಾಠಿಯಲ್ಲಿ ‘ಶೇಂಬೂಡ’ ಎಂದರೆ ಸಿಂಬಳ. ‘ಶೇಂಬಡಿ’ ಎಂದರೆ ಮೂಗು ಸುರಿಸುವ ಹುಡುಗಿ. ಏನೂ ತಿಳಿಯದ ಎಳಸು ಎಂಬ ಹೀಯಾಳಿಕೆಯೂ ಅದರಲ್ಲಿದೆ. ಅದೇ ಗಲ್ಲಿಯಲ್ಲಿ ಸವೆದು ‘ಶೇಮ್ಡಿ’ಯಾಗಿ, ಹುಡುಗಿಯನ್ನು ಕುರಿತ ಸಲಿಗೆಯ ಮಾತಾಯಿತು. ಇದೇ ಊರಿನ ತಾಡಿವಾಲಾ ರಸ್ತೆಯ ರ‍್ಯಾಪ್ ಗಾಯಕ ಎಂ.ಸಿ. ಸ್ಟ್ಯಾನ್ 2023ರಲ್ಲಿ ಹಿಂದಿ ‘ಬಿಗ್ ಬಾಸ್’ನ 16ನೆಯ ಆವೃತ್ತಿಯನ್ನು ಗೆದ್ದರು. ಅವರ ಬಾಯಿಂದ ಅದು ಮರಾಠಿ ಬಾರದವರ ಮನೆಗಳನ್ನೂ ಮುಟ್ಟಿತು.

ಕನ್ನಡದಲ್ಲಿಯೂ ಹೀಗುಂಟು. ಮಗನನ್ನು ಕರೆಯುವ ‘ಮಗಾ’ ಬೆಂಗಳೂರಿನಲ್ಲಿ ಗೆಳೆಯನಿಗೂ ಸಲ್ಲುತ್ತದೆ. ಪಾಠ ಹೇಳದವನೂ ಅಲ್ಲಿ ‘ಗುರು’ವೇ. ಆದರೆ ಭೇದವೊಂದಿದೆ. ಅವು ಪ್ರೀತಿಯಿಂದಲೂ ಆದರದಿಂದಲೂ ಹುಟ್ಟಿದ ಮಾತುಗಳು. ‘ಶೇಮ್ಡಿ’ ಹುಟ್ಟಿದ್ದು ಹೀಯಾಳಿಕೆಯಿಂದ. ಗೆಳೆಯರ ನಡುವೆ ನಗೆ ತರುವ ಆ ಮಾತು ಪರಿಚಯವಿಲ್ಲದ ಹೆಣ್ಣುಮಗಳನ್ನು ನೋಯಿಸೀತು. ಬ್ಯಾಂಕಿನಲ್ಲಿ ನಾವು ನೋಟನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಮಾತನ್ನೂ ಹಾಗೆಯೇ ನೋಡಲು ಮಕ್ಕಳಿಗೆ ಕಲಿಸಬೇಕು.

ಇನ್ನೊಂದು ವಿಷಯ. ಮನೆಯಲ್ಲಿ ‘ಊಟ ಮಾಡು, ಓದಿಕೊ’ ಎಂಬಷ್ಟೇ ಕನ್ನಡ ಕೇಳುವ ಮಗು, ನಗೆಗೂ ಜಗಳಕ್ಕೂ ಬೇಕಾದ ಮಾತನ್ನು ಬೀದಿಯಿಂದಲೇ ತರಬೇಕಾಗುತ್ತದೆ. ಅಜ್ಜಿಯ ‘ಸಿಂಬಳಬುರುಕಿ’ ಎಂಬ ಮಾತು ಕಿವಿಗೆ ಬಿದ್ದ ಮಗುವಿಗೆ ‘ಶೇಮ್ಡಿ’ಯ ಅರ್ಥ ಒಮ್ಮೆ ಹೇಳಿದರೆ ಸಾಕು. ನವೆಂಬರ್ 1ರ ವೇದಿಕೆಯ ಕನ್ನಡದೊಡನೆ ಕೀಟಲೆಯ ಕನ್ನಡವನ್ನೂ ಮನೆಯಲ್ಲಿ ಆಡೋಣ. ಮಕ್ಕಳು ಕನ್ನಡದಲ್ಲಿ ನಕ್ಕರೆ ಕನ್ನಡ ಉಳಿದೀತು.